ಖಾಲಿ ಫೋರಂ, ಗಿಜಿಗುಡುವ ಚಾಟ್ ಸರ್ವರ್

ಬಸ್ ಓಡಿಸುವ ಆಟದ ಫೋರಂ ಒಂದನ್ನು ನಡೆಸುವವನಿಗೆ ಇಂಥ ಫಜೀತಿಗಳು ವಾರಕ್ಕೊಂದಾದರೂ ಆಗುತ್ತಲೇ ಇರುತ್ತವೆ. ಹೇಳಿಕೊಂಡರೆ ಮನೆಯವರು ನಗುತ್ತಾರೆ, ಹೇಳಿಕೊಳ್ಳದಿದ್ದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಹೊಟ್ಟೆಪಾಡಿಗೆ ನಾನು ಬಂಗಾರಪೇಟೆಯಲ್ಲಿ ಮೋಟಾರ್ ವೈಂಡಿಂಗ್ ಮಾಡುತ್ತೇನೆ. ಅಂದರೆ ಸುಟ್ಟುಹೋದ ಬೋರ್‌ವೆಲ್ ಮೋಟಾರ್‌ಗಳಿಗೆ ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಮನೆ ಕೆಜಿಎಫ್‌ನಲ್ಲಿ. ದಿನಾ ರೈಲಿನಲ್ಲಿ ಹೋಗಿಬರುವಾಗ ಮೊಬೈಲಿನ ಬಸ್ ಆಟ ಅಂಟಿಕೊಂಡಿತು. ಬಂಗಾರಪೇಟೆ ಸ್ಟೇಷನ್ ಎದುರು ಜೆರಾಕ್ಸ್ ಅಂಗಡಿ ಇಟ್ಟಿರುವ ಗೆಳೆಯನಿಗೂ ಅದೇ ಹುಚ್ಚು. ಇಬ್ಬರೂ ಸೇರಿ ಇಂಟರ್‌ನೆಟ್ಟಿನಲ್ಲಿ ಕನ್ನಡದಲ್ಲೇ ಒಂದು ಫೋರಂ ತೆರೆದೆವು. ಒಬ್ಬರು ಪ್ರಶ್ನೆ ಹಾಕುವುದು, ಇನ್ನೊಬ್ಬರು ಎರಡು ದಿನ ಬಿಟ್ಟು ಸಾವಧಾನವಾಗಿ ಉತ್ತರ ಬರೆಯುವುದು, ಅದು ಮುಂದೆ ಬರುವವರಿಗೆಲ್ಲ ಅಲ್ಲೇ ಉಳಿಯುವುದು. ಬೇತಮಂಗಲದಿಂದ ಕೆಜಿಎಫ್‌ವರೆಗಿನ ರಸ್ತೆಯನ್ನು ತಿರುವು ಬಿಡದೆ ಆಟದೊಳಗೆ ತಂದದ್ದು ನಮ್ಮ ಫೋರಂನವರೇ.

ಆಮೇಲೆ ಗೆಳೆಯನಿಗೆ ಅವಸರ ಹತ್ತಿತು. "ಎರಡು ದಿನ ಯಾರು ಕಾಯ್ತಾರಣ್ಣಾ? ಒಂದು ಚಾಟ್ ಸರ್ವರ್ ಹಾಕಿಬಿಡೋಣ. ಕೇಳಿದ ತಕ್ಷಣ ಉತ್ತರ. ಬಾಯಲ್ಲೂ ಮಾತಾಡಬಹುದು. ಅಲ್ಲಿಗೆ ಬಂದೋರು ಹಂಗೇ ಫೋರಂಗೂ ಬರ್ತಾರೆ" ಅಂದ. ನಾನು ಹೂಂ ಅಂದೆ. ಆ ಹೂಂ ಅಂದ ದಿನದಿಂದ ನನಗೆ ನೆಮ್ಮದಿಯಿಲ್ಲ.

ಮಾವನ ಮನೆಯವರು ಬಂದದ್ದು

ಸರ್ವರ್ ಶುರುವಾದ ಸಂತೋಷವನ್ನು ಫೋನಿನಲ್ಲಿ ಅತ್ತೆಗೆ ಹೇಳಿದ್ದು ನನ್ನದೇ ತಪ್ಪು. ಅವರದು ಕಾಮಸಮುದ್ರದ ಕಡೆ ಹಳ್ಳಿ. "ಬಂಗಾರಪೇಟೆಯಲ್ಲಿ ಚಾಟ್ ಸರ್ವರ್ ಇಟ್ಟಿದ್ದೀನಿ ಅತ್ತೆ, ಮೊದಲನೇ ದಿನವೇ ಎಪ್ಪತ್ತು ಜನ ಬಂದಿದ್ರು" ಅಂದೆ.

ಆ ಭಾನುವಾರ ಅತ್ತೆ, ಮಾವ, ಚಿಕ್ಕಮಾವ, ಅವರ ಮಕ್ಕಳು, ಒಟ್ಟು ಒಂಬತ್ತು ಜನ ಬಸ್ಸಿಳಿದು ನನ್ನ ಅಂಗಡಿಗೆ ಬಂದರು. ಸುಟ್ಟ ಮೋಟಾರ್‌ಗಳ ನಡುವೆ ನಿಂತು ಆಚೆ ಈಚೆ ನೋಡಿದರು.

"ಎಲ್ಲಿ ಮಡಗಿದ್ದೀಯಪ್ಪಾ?" ಅಂದರು ಅತ್ತೆ.

ನಾನು ಮೊಬೈಲ್ ತೆಗೆದು ತೋರಿಸಿದೆ. "ಇಲ್ಲಿದೆ ನೋಡಿ."

ಅತ್ತೆ ಮೊಬೈಲನ್ನು ಹಿಂದೆ ಮುಂದೆ ತಿರುಗಿಸಿದರು. ಮಾವನ ಮುಖ ಸಪ್ಪಗಾಯಿತು. "ಚಾಟ್ಸ್ ಗಾಡೀನೂ ಇಲ್ಲ, ಬಡಿಸೋ ಸರ್ವರ್ರೂ ಇಲ್ಲ. ಬಂಗಾರಪೇಟೆ ಪಾನಿಪೂರಿ ಅಂದ್ಕಂಡು ಬೆಳಿಗ್ಗೆಯಿಂದ ಒಟ್ಟೆ ಕಾಲಿ ಮಡಿಕ್ಕಂಡು ಬಂದಿದ್ದೀವಲ್ಲೋ!"

ಒಂಬತ್ತು ಜನರನ್ನೂ ಪಾನಿಪೂರಿ ಗಾಡಿಯ ಹತ್ತಿರ ಕರೆದುಕೊಂಡು ಹೋದೆ. ಇಡೀ ವರ್ಷದಲ್ಲಿ ನಮ್ಮ ಚಾಟ್ ಸರ್ವರ್‌ನಿಂದ ತೃಪ್ತಿಯಾಗಿ ಎದ್ದುಹೋದವರು ಅವರು ಮಾತ್ರ.

ಕ್ಲಚ್ ಒತ್ತು

ನಮ್ಮ ಫೋರಂನಲ್ಲಿ ಎಲ್ಲರಿಗಿಂತ ಹಿರಿಯರು ಬೇತಮಂಗಲದ ಒಬ್ಬ ಡ್ರೈವರ್ ತಾತ. ಇಡೀ ಆಯಸ್ಸು ಖಾಸಗಿ ಬಸ್ ಓಡಿಸಿ ಈಗ ಮನೆಯಲ್ಲಿದ್ದರು. ಯಾರು ಏನೇ ಕೇಳಲಿ, ಪತ್ರ ಬರೆದ ಹಾಗೆ ಉದ್ದಕ್ಕೆ ಬರೆಯುತ್ತಿದ್ದರು. ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಒತ್ತುವುದರಿಂದ ಒಂದು ಉತ್ತರಕ್ಕೆ ಅರ್ಧ ಗಂಟೆ ಬೇಕು. ಫೋರಂನಲ್ಲಿ ಅದರಿಂದ ಯಾರಿಗೂ ತೊಂದರೆಯಿರಲಿಲ್ಲ.

ಚಾಟ್‌ನಲ್ಲಿ ಒಬ್ಬ ಕೇಳಿದ: "ದಿಬ್ಬ ಹತ್ತುವಾಗ ಬಸ್ ನಿಂತುಹೋಗುತ್ತೆ, ಏನು ಮಾಡಲಿ?" ತಾತ ಟೈಪ್ ಮಾಡಲು ಕೂತರು. ಅಷ್ಟರಲ್ಲಿ ಮಾತು ದಿಬ್ಬದಿಂದ ಕ್ರಿಕೆಟ್ಟಿಗೆ, ಕ್ರಿಕೆಟ್ಟಿನಿಂದ ಬಿರಿಯಾನಿಗೆ ಹೋಗಿ, ಕೊನೆಗೆ ಮದುವೆಯಾಗಿ ಮೂರು ತಿಂಗಳಾದ ಒಬ್ಬ, "ಹೆಂಡತಿ ಎರಡು ದಿನದಿಂದ ಮಾತಾಡ್ತಿಲ್ಲ, ಯಾರಾದ್ರೂ ಹೇಳಿ ಏನು ಮಾಡಲಿ" ಅಂತ ಗೋಳು ತೋಡಿಕೊಂಡ.

ಅದರ ಕೆಳಗೆ ಸರಿಯಾಗಿ ತಾತನ ಉತ್ತರ ಬಂದು ಬಿತ್ತು: "ಗಾಬರಿ ಬೇಡ. ಮೊದಲು ಪೂರ್ತಿ ನಿಲ್ಲಿಸು. ಕ್ಲಚ್ ಒತ್ತಿ ನಿಧಾನಕ್ಕೆ ಬಿಡು. ಸಿಟ್ಟಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಬರೀ ಹೊಗೆ ಬರುತ್ತದೆ, ಗಾಡಿ ಹಿಂದಕ್ಕೆ ಜಾರುತ್ತದೆ. ಒಂದನೇ ಗೇರಿನಲ್ಲೇ ಎಳಿ. ದಿಬ್ಬ ಎಲ್ಲರಿಗೂ ಬರುತ್ತದೆ."

ಮಾರನೇ ದಿನ ಆ ಮದುಮಗ ಬರೆದ: "ತಾತಾ, ಇದರಲ್ಲಿ ಕ್ಲಚ್ ಯಾವುದು ಅಂತ ಗೊತ್ತಾಗಲಿಲ್ಲ. ಮಿಕ್ಕಿದ್ದೆಲ್ಲಾ ಮಾಡಿದೆ, ಮಾತಾಡಿದಳು."

ಜರುಗು

ಬಾಯಲ್ಲಿ ಮಾತಾಡುವ ವ್ಯವಸ್ಥೆ ಬಂದಮೇಲೆ ಹನ್ನೊಂದು ಜನ ಒಟ್ಟಿಗೆ ಒಂದರ ಹಿಂದೊಂದು ಬಸ್ ಓಡಿಸುವುದು ಶುರುವಾಯಿತು. ಮುಂದಿನ ಬಸ್ಸಿನವನು ಹೇಳಿದಂತೆ ಹಿಂದಿನವರೆಲ್ಲ ಕೇಳಬೇಕು. ಆವತ್ತು ಮುಂದಿದ್ದವನು ಕಾಮಸಮುದ್ರದ ಕಡೆಯ ಹೈನುಗಾರ. ಮನೆಮಾತು ತೆಲುಗು. ಬಸ್ಸು ಬೇತಮಂಗಲದ ಕೆರೆ ಏರಿ ಮೇಲೆ ಬಂತು. ಅದೇ ಹೊತ್ತಿಗೆ ಅವನಿಗೆ ಹಾಲು ಕರೆಯುವ ಹೊತ್ತಾಯಿತು. ನೆಟ್ಟಗಿರುವ ರಸ್ತೆ ತಾನೇ ಅಂದುಕೊಂಡು ಬಸ್ಸನ್ನು ಅದರ ಪಾಡಿಗೆ ಬಿಟ್ಟು, ಮೈಕ್ ಆರಿಸದೆ, ಫೋನನ್ನು ಕೊಟ್ಟಿಗೆಯ ಕಂಬಕ್ಕೆ ಒರಗಿಸಿ ಹಸುವಿನ ಪಕ್ಕ ಕೂತ.

"ಆಗು! ಆಗು!" ಅಂದ. ತೆಲುಗಿನಲ್ಲಿ ನಿಲ್ಲು ಅಂತ. ಹಿಂದಿನ ಹತ್ತೂ ಬಸ್ಸುಗಳು ಗಕ್ಕನೆ ನಿಂತವು.

"ಜರುಗು." ಎಲ್ಲರೂ ಸ್ವಲ್ಪ ಎಡಕ್ಕೆ ಸರಿದರು.

"ಇಂಕಾ ಜರುಗು! ಇನ್ನೂ ಜರುಗೇ ನಿನ್ನ!" ಇನ್ನೂ ಸರಿದರು.

ಒಬ್ಬ ಮಾತ್ರ ಕೇಳಿದ: "ಅಣ್ಣಾ, ಎಡಕ್ಕೆ ಕೆರೆ ಐತಲ್ಲಾ?"

ಅಷ್ಟರಲ್ಲಿ "ಜರುಗ್ತೀಯೋ ಇಲ್ಲ ಒದೀಲೋ!" ಅಂತ ಗುಡುಗು ಬಂತು. ಹತ್ತು ಬಸ್ಸುಗಳೂ ಸಾಲಾಗಿ ಬೇತಮಂಗಲ ಕೆರೆಗೆ ಇಳಿದವು. ಮುಂದಿನ ಬಸ್ಸು ಮಾತ್ರ ಡ್ರೈವರ್ ಇಲ್ಲದೆ ನೆಟ್ಟಗೆ ಕೆಜಿಎಫ್ ಕಡೆ ಹೋಗುತ್ತಿತ್ತು.

ಹಾಲು ಕರೆದು ಬಂದವನಿಗೆ ಎಲ್ಲರೂ ಮುತ್ತಿಗೆ ಹಾಕಿದರು. ಅವನು ತಣ್ಣಗೆ ಹೇಳಿದ: "ನಾನು ಏಳಿದ್ದು ಒಂದೇ ಒಂದು ಅಸೂಗೆ. ಅದು ಜರುಗ್ನಿಲ್ಲ. ನೀವ್ ಅತ್ತು ಜನ ಯಾಕೆ ಜರುಗಿದ್ರಿ?"

ಯಾವ ಚಾನೆಲ್?

ಇಷ್ಟೆಲ್ಲ ಗದ್ದಲದಲ್ಲಿ ಫೋರಂ ಖಾಲಿಯಾಯಿತು. ಇವತ್ತು ಕೇಳಿದ್ದನ್ನೇ ನಾಳೆ ಇನ್ನೊಬ್ಬ ಚಾಟ್‌ನಲ್ಲಿ ಕೇಳುತ್ತಿದ್ದ. ಉತ್ತರ ಮೇಲೆ ಹರಿದು ಎಲ್ಲೋ ಹೋಗಿರುತ್ತಿತ್ತು. ನಾನು ತಂತಿ ಸುತ್ತುತ್ತಾ ಪ್ರತಿ ಐದು ನಿಮಿಷಕ್ಕೆ ಫೋನ್ ನೋಡಿ, ಸುತ್ತಿನ ಲೆಕ್ಕ ತಪ್ಪಿ, ಬಿಚ್ಚಿ ಮತ್ತೆ ಸುತ್ತುತ್ತಿದ್ದೆ. ರೈತರೊಬ್ಬರು ಮೋಟಾರ್ ವಾಪಸು ತಂದು, "ನೀರು ಎತ್ತಾಕಿಲ್ಲ ಇದು, ಬರೀ ಭಜನೆ ಮಾಡ್ತದೆ" ಅಂತ ಇಟ್ಟು ಹೋದರು.

ಸರ್ವರ್‌ನಲ್ಲಿ ಒಬ್ಬ ಹೊಸಬ ಏಳನೇ ಸಲ ಬೇತಮಂಗಲದ ಮ್ಯಾಪ್ ಕೇಳಿದಾಗ ನನಗೆ ತಡೆಯಲಾಗಲಿಲ್ಲ. "ಸ್ವಾಮಿ, ಎಲ್ಲಾ ಫೋರಂನಲ್ಲಿದೆ. ನಾವೆಲ್ಲ ಫೋರಂನವರೇ!" ಅಂತ ಬರೆದೆ.

ಅವನು ವಿನಯದಿಂದ ಕೇಳಿದ: "ಸರಿ ಸಾರ್. ಫೋರಂ ಅನ್ನೋದು ಯಾವ ಚಾನೆಲ್‌ನಲ್ಲಿ ಬರುತ್ತೆ?"

ಇಬ್ಬರು ಹೊಸ ಸದಸ್ಯರು

ಹದಿನೈದು ದಿನ ಫೋರಂನಲ್ಲಿ ಒಂದಕ್ಷರ ಬೀಳಲಿಲ್ಲ. ಹೀಗೇ ಆದರೆ ಮುಚ್ಚಬೇಕಾಗುತ್ತದೆ ಅನ್ನಿಸಿತು. ಗೆಳೆಯನಿಗೆ ಹೇಳಲು ಅಭಿಮಾನ. ಕಡೆಗೆ ನಾನೇ "ಮುಂದಿನಸೀಟು" ಅಂತ ಸುಳ್ಳು ಹೆಸರಿನಲ್ಲಿ ಸದಸ್ಯನಾಗಿ ಒಂದು ಪ್ರಶ್ನೆ ಹಾಕಿದೆ: "ಬೇತಮಂಗಲದ ಏರಿ ಮುಗಿಯುವ ತಿರುವಿನಲ್ಲಿ ಹಾರ್ನ್ ಹೊಡೆಯುವುದು ಒಳ್ಳೆಯದಲ್ಲವೇ?"

ಸಂಜೆಯೊಳಗೆ ಉತ್ತರ ಬಂತು! "ಕಿಟಕಿಪಕ್ಕ" ಅನ್ನುವ ಹೊಸ ಸದಸ್ಯ. "ಹಾರ್ನ್ ಹೊಡೆಯುವವರು ಡ್ರೈವಿಂಗ್ ಬಾರದವರು" ಅಂತ ಬರೆದಿದ್ದ. ಉತ್ತರ ಬಂತಲ್ಲ ಅನ್ನುವ ಖುಷಿ ಒಂದು ಕಡೆ, ಮೈ ಉರಿ ಒಂದು ಕಡೆ. ನಾನೂ ಬರೆದೆ. ಅವನೂ ಬರೆದ. ನಾಲ್ಕನೇ ದಿನಕ್ಕೆ ಹಾರ್ನ್ ಬಿಟ್ಟು ಒಬ್ಬರ ಬುದ್ಧಿಯನ್ನೊಬ್ಬರು ಅಳೆಯುತ್ತಿದ್ದೆವು. ಜಗಳದ ಸುದ್ದಿ ಸರ್ವರ್‌ಗೂ ಹಬ್ಬಿ, ಅಲ್ಲಿದ್ದವರೆಲ್ಲ ಫೋರಂ ಎಲ್ಲಿದೆ ಅಂತ ಹುಡುಕಿಕೊಂಡು ಬಂದು ಓದತೊಡಗಿದರು.

ಗೆಳೆಯನೂ ಖುಷಿಯಾಗಿದ್ದ. "ನೋಡಿದ್ಯಾ, ಫೋರಂಗೆ ಜೀವ ಬಂತು! ಆದ್ರೂ ಆ ಮುಂದಿನಸೀಟು ಇದ್ದಾನಲ್ಲಣ್ಣಾ, ಸುತ್ತ ಮುಟ್ಟಾಳ್" ಅಂತ ತಮಿಳಿನಲ್ಲಿ ಬೈದ, ಶುದ್ಧ ದಡ್ಡ ಅಂತ.

"ಕಿಟಕಿಪಕ್ಕ ಏನು ಕಮ್ಮಿಯಾ? ತಲೆಯೊಳಗೆ ಬರೀ ಹೊಟ್ಟು" ಅಂದೆ. ಗೆಳೆಯ ಯಾಕೋ ಮುಖ ಗಂಟಿಕ್ಕಿಕೊಂಡು ಜೆರಾಕ್ಸ್ ಮಾಡಲು ಹೋದ.

ಒಂಬತ್ತನೇ ದಿನ ಡ್ರೈವರ್ ತಾತ ಬರೆದರು: "ಮಕ್ಕಳೇ, ಜಗಳ ಸಾಕು. ನೀವಿಬ್ಬರೂ ಈ ಕಡೆಯವರೇ ಅಂತ ಮಾತಿನಲ್ಲೇ ಗೊತ್ತಾಗುತ್ತದೆ. ಭಾನುವಾರ ಹತ್ತು ಗಂಟೆಗೆ ಬಂಗಾರಪೇಟೆಯ ಜೆರಾಕ್ಸ್ ಅಂಗಡಿಗೆ ಬನ್ನಿ. ನಾನೇ ಬಂದು ರಾಜಿ ಮಾಡಿಸುತ್ತೇನೆ."

ಭಾನುವಾರ ಏನೋ ಒಂದು ಸುಳ್ಳು ಜೋಡಿಸಿಕೊಂಡು ಹೋದೆ. ತಾತ ಆಗಲೇ ಬಂದು ಸ್ಟೂಲಿನ ಮೇಲೆ ಕೂತಿದ್ದರು. ಗೆಳೆಯ ಅವರಿಗೆ ಹೇಳುತ್ತಿದ್ದ: "ಆ ಕಿಟಕಿಪಕ್ಕನಿಗೆ ಜ್ವರವಂತೆ ತಾತಾ, ಬರಲ್ವಂತೆ."

ತಾತ ನನ್ನ ಕಡೆ ತಿರುಗಿದರು. "ಮುಂದಿನಸೀಟು ಎಲ್ಲಪ್ಪಾ?"

"ಅವನಿಗೂ... ಜ್ವರ" ಅಂದೆ.

ಗೆಳೆಯ ನನ್ನನ್ನು ನೋಡಿದ. ನಾನು ಗೆಳೆಯನನ್ನು ನೋಡಿದೆ. ಅವನ ಬಾಯಿ ನಿಧಾನಕ್ಕೆ ತೆರೆದುಕೊಂಡಿತು. ಒಂಬತ್ತು ದಿನ ಬೈದಿದ್ದೆಲ್ಲ ಒಂದೊಂದಾಗಿ ಇಬ್ಬರ ಮುಖದ ಮೇಲೂ ಬಂದು ಹೋಯಿತು. ಹೊಟ್ಟಿನವರೆಗೂ.

ತಾತ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು. "ಇಬ್ರಿಗೂ ಒಂದೇ ದಿನ ಜರ. ಓಗ್ಲಿ ಬಿಡಿ. ಅಷ್ಟು ದೂರ್ದಿಂದ ಬಂದಿದ್ದೀನಿ, ಅವ್ರ ಬದ್ಲು ನೀವೇ ಕೈ ಕುಲುಕ್ರಿ."

ಇಬ್ಬರೂ ತಲೆ ತಗ್ಗಿಸಿ ಕೈ ಕುಲುಕಿದೆವು. ತಾತ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು. ಬಾಗಿಲ ಹತ್ತಿರ ನನಗೆ ತಡೆಯಲಾಗಲಿಲ್ಲ. "ತಾತಾ, ನೀವು ಆ ಏರಿ ಮೇಲೆ ಅಷ್ಟು ವರ್ಷ ಬಸ್ ಓಡಿಸಿದ್ದೀರಿ. ನೀವೇ ಹೇಳಿ. ಹಾರ್ನ್ ಹೊಡೀಬೇಕೋ ಬೇಡವೋ?"

ಗೆಳೆಯನೂ ಕಿವಿ ನಿಮಿರಿಸಿ ಮುಂದೆ ಬಂದ.

"ನಂಗೇನ್ ಗೊತ್ತಪ್ಪಾ?" ಅಂದರು ತಾತ. "ನನ್ ಬಸ್ಸಿಗೆ ಆರ್ನೇ ಇರ್ನಿಲ್ಲ."