ನಮ್ಮಣ್ಣನ ನೀಲಿ ವಿಮಾನ ನಿಲ್ದಾಣ

ನಮ್ಮಣ್ಣನಿಗೆ ಸ್ವಂತದ್ದೊಂದು ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಇದೆ. ಎಲ್ಲಿ ಅಂತೀರಾ? ಆನೇಮಹಲ್‌ನಲ್ಲಿ, ಹೈವೇ ಬಿಟ್ಟು ಒಳಕ್ಕೆ ತಿರುಗಿದರೆ ಸಿಗುವ ಅವನ ಮನೆಯಲ್ಲಿ, ಮೆಣಸಿನ ಚೀಲ ಪೇರಿಸಿಟ್ಟ ಕೋಣೆಯಲ್ಲಿ! ನಗಬೇಡಿ. ನನಗಂತೂ ನಗು ಬರುವುದಿಲ್ಲ. ಆ ನಿಲ್ದಾಣದ ಹೆಸರೆತ್ತಿದರೆ ಸಾಕು, ನನಗೆ ಪಿತ್ತ ನೆತ್ತಿಗೇರುತ್ತದೆ.

ವಿಷಯ ಏನೆಂದರೆ, ಕಂಪ್ಯೂಟರಿನಲ್ಲಿ ವಿಮಾನ ಓಡಿಸುವ ಆಟವೊಂದಿದೆ. ಆಟ ಅಂದರೆ ಮಕ್ಕಳಾಟವಲ್ಲ, ಗಡ್ಡ ನೆರೆತವರು ಗಂಭೀರವಾಗಿ ಆಡುವಂಥದ್ದು. ಅದಕ್ಕೆ ಯಾರು ಬೇಕಾದರೂ ಮನೆಯಲ್ಲೇ ಕೂತು ತಮಗಿಷ್ಟವಾದ ವಿಮಾನ ನಿಲ್ದಾಣವನ್ನು ಕಟ್ಟಿ ಇಂಟರ್ನೆಟ್ಟಿಗೆ ಹಾಕಬಹುದಂತೆ. ಯಾವುದೋ ದೇಶದ ಯಾರೋ ಅದನ್ನು ಇಳಿಸಿಕೊಂಡು ಅಲ್ಲಿ ತಮ್ಮ ವಿಮಾನ ಇಳಿಸುತ್ತಾರಂತೆ. ನಮ್ಮಣ್ಣ ಕಟ್ಟಲು ಹೊರಟಿದ್ದು ಬೆಂಗಳೂರಿನ ಹಳೇ ವಿಮಾನ ನಿಲ್ದಾಣವನ್ನು. ಈಗ ಊರಾಚೆ ಇರುವ ಗಾಜಿನ ಅರಮನೆಯಲ್ಲ. ಅದಕ್ಕೂ ಮುಂಚೆ ಊರೊಳಗೇ ಇತ್ತಲ್ಲ, ಅದು. ಅದು ಆಗಿನ ಕಾಲದಲ್ಲಿ ಹೇಗಿತ್ತೋ ಹಾಗೇ ಬೇಕಂತೆ ಇವನಿಗೆ.

ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. ನಮ್ಮಣ್ಣ ಈವರೆಗೆ ಒಂದೇ ಒಂದು ಸಲವೂ ವಿಮಾನ ಹತ್ತಿಲ್ಲ!

ಅವನು ಸಕಲೇಶಪುರದಲ್ಲಿ ಬಾಡಿಗೆ ವ್ಯಾನು ಓಡಿಸುತ್ತಿದ್ದವನು. ಆ ಕಾಲದಲ್ಲಿ ಒಬ್ಬರು ಗಲ್ಫಿಗೆ ಹೊರಟರೆ ಕಳಿಸಿಬರಲು ಇಡೀ ಬೀದಿಯೇ ಹೊರಡುತ್ತಿತ್ತು. ಅಜ್ಜಿ, ಅತ್ತೆ, ಪಕ್ಕದ ಮನೆಯವರು, ಹಾರ, ಚಿತ್ರಾನ್ನದ ಡಬ್ಬಿ, ಎಲ್ಲ ಇವನ ವ್ಯಾನಿನಲ್ಲಿ. ಹೋಗುವವರು ಗೇಟಿನಿಂದ ಒಳಗೆ, ಉಳಿದವರು ಹೊರಗೆ. ನಮ್ಮಣ್ಣ ಎಷ್ಟು ಜನರನ್ನು ಹೀಗೆ ದಡ ಮುಟ್ಟಿಸಿದ್ದಾನೋ ಲೆಕ್ಕವಿಲ್ಲ, ಆದರೆ ಆ ಗೇಟು ದಾಟಿ ಅವನು ಒಂದು ಹೆಜ್ಜೆಯನ್ನೂ ಇಟ್ಟವನಲ್ಲ.

ಅಂಥವನು ವಿಮಾನ ನಿಲ್ದಾಣ ಕಟ್ಟಿದರೆ ಹೇಗಿರುತ್ತದೆ? ಒಂದು ಮಳೆಗಾಲ ಪೂರ್ತಿ ಅವನು ಕಟ್ಟಿದ್ದು ಬರೀ ವಾಹನ ನಿಲ್ಲಿಸುವ ಜಾಗ! ಯಾವ ಮರದ ಕೆಳಗೆ ಎಷ್ಟು ಹೊತ್ತಿನವರೆಗೆ ನೆರಳಿರುತ್ತಿತ್ತು ಎಂಬುದೂ ಅದರಲ್ಲಿದೆ. ಟೀ ಅಂಗಡಿ ಇದೆ. ಕಾಂಪೌಂಡಿನ ಮೇಲೆ ಎಲೆ ಅಡಿಕೆ ಉಗಿದ ಕಲೆ ಇದೆ. ಸೋರುವ ನಲ್ಲಿ ಇದೆ, ನಲ್ಲಿಯ ಕೆಳಗೆ ಪಾಚಿ ಇದೆ. ನಮ್ಮತ್ತಿಗೆ ಪಾಪ, ಕಾಫಿ ಲೋಟ ಹಿಡಿದು ಬಂದವಳು ಬಗ್ಗಿ ನೋಡಿ, "ಇದೆಲ್ಲ ಸರಿ ಕಣ್ರೀ, ಕಟ್ಟಡ ಎಲ್ಲೈತೆ? ಜನ ವಿಮಾನ ಹತ್ತೋದೆಲ್ಲಿ?" ಅಂದಳು.

"ಹತ್ತೋದು ಆಮೇಲೆ ಕಣೇ. ಮೊದ್ಲು ಬಂದೋರು ಗಾಡಿ ಎಲ್ಲಿ ನಿಲ್ಲುಸ್ಬೇಕು, ಅದ್ನ ಹೇಳು!" ಅಂತ ಇವನು ಅವಳ ಮೇಲೇ ರೇಗಿದ.

ಕಡೆಗೆ ಕಟ್ಟಡವೂ ಎದ್ದಿತು. ಅರ್ಧಂಬರ್ಧ ಆದದ್ದನ್ನೇ ಇಂಟರ್ನೆಟ್ಟಿಗೆ ಹಾಕಿದ. ಜರ್ಮನಿಯ ಪುಣ್ಯಾತ್ಮನೊಬ್ಬ ಅದರಲ್ಲಿ ವಿಮಾನ ಇಳಿಸಿ, ಇಷ್ಟು ಚಂದದ ಪಾರ್ಕಿಂಗ್ ಜಾಗವನ್ನು ತಾನು ಎಲ್ಲೂ ಕಂಡಿಲ್ಲ, ಆದರೆ ಕಟ್ಟಡಕ್ಕೆ ಬಾಗಿಲೇ ತೆರೆಯುವುದಿಲ್ಲವಲ್ಲ ಎಂದು ಬರೆದ. ಅದನ್ನು ಫೋನಿನಲ್ಲಿ ಕನ್ನಡ ಮಾಡಿಸಿಕೊಂಡು ಓದಿದ ನಮ್ಮಣ್ಣನಿಗೆ ಕೋಪ ಬಂತು. "ಬಾಗ್ಲು ಐತೆ. ನಮ್ಮಂಥೋರಿಗೆ ತೆಗಿಯಲ್ಲ, ಅಷ್ಟೆ. ಅವ್ನಿಗೇನು ಗೊತ್ತು!"

ಆದರೂ ಒಳಗೆ ಹೇಗಿತ್ತೆಂದು ತಿಳಿಯುವ ಹುಚ್ಚು ಹತ್ತಿತು ನೋಡಿ, ಅಲ್ಲಿಂದ ಶುರುವಾಯಿತು ನಮ್ಮ ಮರ್ಯಾದೆ ಹರಾಜು. ಕುಂದೂರಿನಲ್ಲಿ ನೆಂಟರೊಬ್ಬರ ತಿಥಿ. ಎಲೆಯ ಮುಂದೆ ಕೂತಿದ್ದೇವೆ. ಪಕ್ಕದಲ್ಲಿ ಯಾವತ್ತೋ ಒಮ್ಮೆ ದೆಹಲಿಗೆ ಹಾರಿದ್ದ ವಯಸ್ಸಾದವರೊಬ್ಬರು. ಇವನು ಅವರ ಕಿವಿಯಲ್ಲಿ, "ಒಳಗೆ ನೆಲ ಯಾವ ಬಣ್ಣ ಇತ್ತು ಯಜಮಾನ್ರೇ?" ಅಂತಾನೆ! ಅವರು ವಡೆ ಮುರಿಯುತ್ತ, "ನಾನ್ಯಾಕೆ ನೆಲ ನೋಡ್ಲಪ್ಪ, ಜೀವ ಕೈಲಿ ಹಿಡ್ಕೊಂಡು ದೇವರ್ನ ನೆನೀತಿದ್ದೆ" ಅಂದರು. ಸುಮ್ಮನಾದನೇ? ಇಲ್ಲ. ಆ ಮನೆಯವರ ಹಳೇ ಆಲ್ಬಂ ತರಿಸಿದ. ಅದರಲ್ಲಿ ಯಾರನ್ನೋ ಬೀಳ್ಕೊಡುವಾಗ ನಿಲ್ದಾಣದ ಮುಂದೆ ನಿಂತು ತೆಗೆಸಿದ್ದ ಫೋಟೋ ಒಂದಿತ್ತು. ನಟ್ಟನಡುವೆ ಹಾರ ಹಾಕಿಕೊಂಡು ನಿಂತವರು ಅವತ್ತು ಯಾರ ತಿಥಿಯೋ ಆ ತಾತ. ಮನೆಯವರೆಲ್ಲ ಕಣ್ಣೊರೆಸಿಕೊಂಡರು. ನಮ್ಮಣ್ಣ ಫೋಟೋವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, "ಛೇ, ಕಿಟಕಿಗೆ ಸರಿಯಾಗಿ ತಾತ ಅಡ್ಡ ನಿಂತ್ಬುಟ್ಟವ್ರೆ" ಅಂದ.

ನಾನು ಅವನ ತೋಳು ಹಿಡಿದು ಎಳೆದುಕೊಂಡು ಬಂದೆ. ದಾರಿಯುದ್ದಕ್ಕೂ ಬೈದೆ. ಆದರೆ ಬೈಯುತ್ತಿದ್ದವಳ ತಲೆಯಲ್ಲಿ ಬೇರೆಯದೇ ಹುಳ ಕೊರೆಯುತ್ತಿತ್ತು. ಫೋಟೋವನ್ನು ಅಷ್ಟು ಹತ್ತಿರ ಯಾಕೆ ಹಿಡಿದ?

ನಾನು ನರ್ಸು. ಮಸ್ಕತ್ತಿನಲ್ಲಿ ವರ್ಷಗಟ್ಟಲೆ ದುಡಿದು ಈಗ ಸಕಲೇಶಪುರಕ್ಕೆ ಬಂದು ನೆಲೆಸಿದವಳು. ಮರುದಿನವೇ ಅವನ ಮನೆಗೆ ಹೋಗಿ ಆ ದರಿದ್ರ ಕಂಪ್ಯೂಟರಿನ ಮುಂದೆ ಕೂತೆ. ಕಟ್ಟಡದ ಗೋಡೆಗಳೆಲ್ಲ ನೀಲಿ! ಬಿಳೀ ಪಂಚೆಗೆ ನೀಲಿ ಜಾಸ್ತಿ ಹಾಕಿ ಜಾಲಿಸಿದ ಹಾಗೆ.

"ಗೋಡೆ ಯಾಕೋ ಅಣ್ಣಯ್ಯ ಇಷ್ಟು ನೀಲಿ?"

"ಎಲ್ಲೈತೆ ನೀಲಿ? ಅಚ್ಚ ಬಿಳಿ ಕಣೇ ಅದು. ಮೊದ್ಲು ಯಾಕೋ ಹಳದಿ ಹಳದಿ ಕಾಣ್ತಿತ್ತು. ಸ್ವಲ್ಪ ಸ್ವಲ್ಪವೇ ನೀಲಿ ಬೆರೆಸಿ ಸರಿ ಮಾಡಿವ್ನಿ."

ಅವನ ಮುಖವನ್ನು ಬೆಳಕಿಗೆ ತಿರುಗಿಸಿ ಕಣ್ಣು ನೋಡಿದೆ. ಅವನ ಎಡಗಣ್ಣು ವ್ಯಾನು ಮಾರಿದ ವರ್ಷವೇ ಹೋಗಿತ್ತು, ಕಾಫಿ ಗಿಡ ಸವರುವಾಗ ಕಡ್ಡಿ ಚುಚ್ಚಿ. ಉಳಿದದ್ದು ಬಲಗಣ್ಣು ಒಂದೇ. ಅದಕ್ಕೂ ಪೊರೆ ಬಂದಿದೆ. ಪೊರೆ ಬಂದ ಕಣ್ಣಿಗೆ ಬಿಳಿಯೆಲ್ಲ ಹಳದಿಯಾಗಿ ಕಾಣುತ್ತದೆ. ಇವನು ಕಣ್ಣು ತೋರಿಸುವುದು ಬಿಟ್ಟು ಗೋಡೆಗೆ ಬಣ್ಣ ಬಳಿಯುತ್ತ ಕೂತಿದ್ದಾನೆ!

ಹಾಸನಕ್ಕೆ ಎಳೆದುಕೊಂಡು ಹೋದೆ. ಪೊರೆ ಹಣ್ಣಾಗಿದೆ, ಕಣ್ಣಿನೊಳಗೆ ಒತ್ತಡವೂ ಏರುತ್ತಿದೆ, ತಡ ಮಾಡಿದರೆ ಈ ಕಣ್ಣೂ ಉಳಿಯುವುದಿಲ್ಲ ಎಂದು ಡಾಕ್ಟರು ಬಾಯಿಬಿಟ್ಟು ಹೇಳಿದರು. ಆಪರೇಷನ್ನಿಗೆ ದಿನ ಗೊತ್ತಾಯಿತು. ಆ ದಿನ ಇವನು ಕದಲಲಿಲ್ಲ. "ಗ್ಯಾಲರಿ ಒಂದು ಮುಗೀಲಿ ಮಾರಾಯ್ತಿ" ಅಂದ. ಇನ್ನೊಂದು ದಿನ ಕೇಳಿಕೊಂಡು ಬಂದೆ. ಅವತ್ತೂ ಅದೇ ಗ್ಯಾಲರಿ!

ಏನದು ಗ್ಯಾಲರಿ? ಆ ಹಳೇ ನಿಲ್ದಾಣದಲ್ಲಿ ಕಳಿಸಲು ಬಂದವರು ಗೇಟು ದಾಟದೆ ಹೊರಗಿನಿಂದಲೇ ಟಿಕೀಟು ತೆಗೆದುಕೊಂಡು ಮೇಲೆ ಹತ್ತಿ ನಿಂತು ವಿಮಾನ ಏರುವುದನ್ನು ನೋಡುವ ಜಾಗ ಒಂದಿತ್ತು. ಅದಂತೆ. ಹೋಗುವುದು ಕಣ್ಣು, ಇವನಿಗೆ ಬೇಕಾದದ್ದು ಗ್ಯಾಲರಿಯ ಕಂಬಿ! ಸಿಟ್ಟಿನ ಭರಕ್ಕೆ ಕಂಪ್ಯೂಟರಿನ ವೈರನ್ನೇ ಕಿತ್ತೆಸೆದೆ. "ನಿನ್ನ ಕಣ್ಣು ಹೋದ್ರೆ ಅತ್ತಿಗೆ ನಿನ್ನ ಕೈ ಹಿಡ್ಕೊಂಡು ಹಿತ್ತಲಿಗೆ ಕರ್ಕೊಂಡು ಹೋಗ್ಬೇಕಾ? ಹೆಂಡ್ತಿ ಮುಖ ಕಾಣಲ್ಲ, ತಟ್ಟೇಲಿರೋ ಅನ್ನ ಕಾಣಲ್ಲ, ಗೊತ್ತೇನೋ ನಿಂಗೆ?" ಎಂದು ಕೂಗಾಡಿದೆ. ಅತ್ತಿಗೆ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವನು ನೆಲದ ಮೇಲೆ ಕೈಯಾಡಿಸುತ್ತ ವೈರು ಹುಡುಕಿದ. ಅದು ಅವನ ಕಾಲಿನ ಹತ್ತಿರವೇ ಬಿದ್ದಿತ್ತು.

ಕೊನೆಗೆ ಅವನೇ ಒಂದು ಮಾತು ಹೇಳಿದ. "ನಾಳೆ ಬತ್ತೀನಿ ಹಾಸನಕ್ಕೆ. ಆದ್ರೆ ಇವತ್ತು ನೀನು ಒಂದ್ಸಲ ಇದ್ರಲ್ಲಿ ಕೂತು ಹಾರ್ಬೇಕು. ಪ್ಯಾಸೆಂಜರ್ ಆಗಿ."

"ನಿನ್ನ ನಿಲ್ದಾಣದಿಂದಾನಾ? ಆ ಜಾಗದ ಮುಖ ನಾನು ಇನ್ನೊಂದ್ಸಲ ನೋಡಲ್ಲ!"

ಹಾಗಂದದ್ದಕ್ಕೆ ಕಾರಣವಿದೆ. ನಾನು ಮೊದಲ ಸಲ ಮಸ್ಕತ್ತಿಗೆ ಹೊರಟದ್ದು ಅಲ್ಲಿಂದಲೇ. ಅಪ್ಪ ಅವ್ವ ಆಗಲೇ ಇರಲಿಲ್ಲ. ಒಬ್ಬೊಬ್ಬರನ್ನು ಕಳಿಸಲು ವ್ಯಾನು ತುಂಬ ಜನ ಬಂದಿದ್ದರು, ನನಗೆ ಅಂತ ಇದ್ದವನು ಇವನೊಬ್ಬ. ಈ ಮಹಾನುಭಾವ ಗೇಟಿನ ಹತ್ತಿರ ನನ್ನ ಪೆಟ್ಟಿಗೆ ಇಳಿಸಿ, "ಹೋಗ್ಬಾ, ನಂಗೆ ರಿಟರ್ನ್ ಟ್ರಿಪ್ ಐತೆ" ಅಂದವನೇ ತಿರುಗಿಯೂ ನೋಡದೆ ಹೊರಟುಹೋದ! ವಿಮಾನದ ಕಿಟಕಿಯಿಂದ ನಾನು ಹೊರಗೆ ನೋಡಲೂ ಇಲ್ಲ. ಯಾರಿದ್ದಾರೆ ಅಂತ ನೋಡಲಿ? ಆ ಮಾತನ್ನು ನಾನು ಪ್ರತಿ ಜಗಳದಲ್ಲೂ ಎತ್ತಿ ಆಡಿದ್ದೇನೆ. ಅವತ್ತೂ ಆಡಿದೆ. ಅವನು ಪ್ಲಾಸ್ಟಿಕ್ ಕುರ್ಚಿಯನ್ನು ನನ್ನ ಕಡೆಗೆ ತಳ್ಳಿದ.

ಕಣ್ಣು ಉಳಿಯಲಿ ಅಂತ ಹಲ್ಲು ಕಚ್ಚಿಕೊಂಡು ಕೂತೆ. ವಿಮಾನವನ್ನು ಆಟವೇ ಓಡಿಸುತ್ತದಂತೆ. ನನಗೆ ಕಿಟಕಿ ಪಕ್ಕದ ಸೀಟು ಕೊಟ್ಟ. ವಿಮಾನ ನಿಧಾನವಾಗಿ ಉರುಳಿತು. ನೀಲಿ ಗೋಡೆ, ನೀಲಿ ಕಂಬ, ಎಲ್ಲ ಹಿಂದಕ್ಕೆ ಹೋದವು.

"ಈಗ ಮೇಲೆ ನೋಡು" ಅಂದ.

ಗ್ಯಾಲರಿ. ಕಂಬಿಗುಂಟ ಜನ. ಜನ ಅಂದರೆ ಏನು, ನೀಲಿ ಅಂಗಿ ಹಾಕಿದ ಒಬ್ಬನನ್ನೇ ಸಾಲಾಗಿ ನಿಲ್ಲಿಸಿಬಿಟ್ಟಿದ್ದ, ಎಲ್ಲರಿಗೂ ಒಂದೇ ಮೀಸೆ! ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ತುದಿಯಲ್ಲಿ ಬೇರೆ ಥರದ ಒಬ್ಬ ಕಂಡ. ಖಾಕಿ ಅಂಗಿ. ಕೈಯಲ್ಲಿ ಕೆಂಪು ಟವಲು. ಅದನ್ನು ತಲೆಯ ಮೇಲೆ ಎತ್ತಿ ಬೀಸುತ್ತಲೇ ಇದ್ದಾನೆ, ನಿಲ್ಲಿಸುವುದೇ ಇಲ್ಲ.

"ಯಾರದು?"

"ನಾನು."

"ಸುಳ್ಳು ಹೇಳ್ಬೇಡ. ನೀನು ಅವತ್ತು ರಿಟರ್ನ್ ಟ್ರಿಪ್ ಅಂತ ಓಡೋದೆ."

"ಎಲ್ಲಿತ್ತು ಮಾರಾಯ್ತಿ ರಿಟರ್ನ್ ಟ್ರಿಪ್? ನೀನು ನನ್ನ ಅಂಗಿ ಹಿಡ್ಕೊಂಡು ಅಳ್ತಿದ್ದೆ. ನಾನು ಗೇಟಲ್ಲೇ ನಿಂತಿದ್ರೆ ನೀನು ಒಳಗೇ ಹೋಗ್ತಿರ್ಲಿಲ್ಲ. ಅದಕ್ಕೇ ಆ ಕಡೆ ತಿರುಗಿ ಬಂದು ಟಿಕೀಟು ತಗೊಂಡು ಮೇಲೆ ಹತ್ಬುಟ್ಟೆ. ವಿಮಾನ ಮೋಡದಲ್ಲಿ ಮುಚ್ಚೋಗೋ ತನಕ ಬೀಸ್ದೆ. ನಿಂಗೆ ಕಾಣಿಸ್ಲಿಲ್ಲ, ಅಷ್ಟೆ."

"ಇಷ್ಟು ವರ್ಷ ಬಾಯಿಗೇನು ಬೀಗ ಹಾಕ್ಕೊಂಡಿದ್ದಾ? ಹೇಳೋಕೇನಾಗಿತ್ತು?"

"ಹೇಳಿದ್ರೆ ನೀನು ನಂಬ್ತಿದ್ದಾ? ತೋರುಸ್ಬೇಕಾಗಿತ್ತು. ಈ ಕಣ್ಣೂ ಹೋಗ್ಬುಟ್ರೆ ಆಮೇಲೆ ಯಾರು ಕಟ್ಟಿ ತೋರುಸ್ತಾರೆ?"

ನನಗೆ ಬಂದ ಸಿಟ್ಟು ನಿಮಗೆ ಹೇಗೆ ಹೇಳಲಿ! ಇದೊಂದು ಮಾತಿಗಾಗಿ ಕಣ್ಣನ್ನೇ ಪಣಕ್ಕಿಟ್ಟು ಕೂತಿದ್ದನಲ್ಲ, ಕತ್ತೆ! "ನಾಳೆ ಮೊದಲನೇ ಬಸ್ಸು" ಅಂತ ಕಿರುಚಿ ಎದ್ದು ಅಡುಗೆಮನೆಗೆ ಹೋದೆ. ನಾನು ಕೇಳದಿದ್ದರೂ ಅತ್ತಿಗೆ ಒಂದು ಲೋಟ ನೀರು ಕೊಟ್ಟಳು.

ಹಾಸನದ ಆಸ್ಪತ್ರೆಯಲ್ಲಿ ಅವನಿಗೆ ಹಸಿರು ಗೌನು ತೊಡಿಸಿ, ಕಣ್ಣಿಗೆ ಡ್ರಾಪ್ಸ್ ಹಾಕಿ ಕರೆದುಕೊಂಡು ಹೊರಟರು. ಬಾಗಿಲಲ್ಲಿ ಚಿಕ್ಕ ಹುಡುಗಿಯಂಥ ನರ್ಸೊಬ್ಬಳು, "ಇಲ್ಲಿಂದ ಮುಂದೆ ನೀವು ಬರೋ ಹಾಗಿಲ್ಲ" ಅಂದಳು. ನನಗೆ! ಜೀವಮಾನವೆಲ್ಲ ಆ ಬಾಗಿಲ ಒಳಗೇ ಕೆಲಸ ಮಾಡಿದವಳಿಗೆ! ಏನು ಮಾಡಲಿ, ಅತ್ತಿಗೆಯ ಬ್ಯಾಗಿನಿಂದ ಅವನ ಕೆಂಪು ಟವಲು ಎಳೆದು ತಲೆಯ ಮೇಲೆ ಬೀಸತೊಡಗಿದೆ. "ಅಣ್ಣಯ್ಯಾ! ನಾನು ಇಲ್ಲೇ ನಿಂತಿವ್ನಿ ಕಣೋ! ನಂಗೆ ಯಾವ ರಿಟರ್ನ್ ಟ್ರಿಪ್ಪೂ ಇಲ್ಲ!" ಇಡೀ ಕಾರಿಡಾರು ನನ್ನನ್ನೇ ನೋಡಿತು. ಅವನೂ ತಿರುಗಿದ. ಡ್ರಾಪ್ಸ್ ಹಾಕಿದ ಕಣ್ಣಿಗೆ ಏನು ಕಾಣಬೇಕು? ನಗುನಗುತ್ತ ಗೋಡೆಗೆ ತಗುಲಿಹಾಕಿದ್ದ ಮರಳಿನ ಕೆಂಪು ಬಕೆಟ್ಟನ್ನೇ ನಾನು ಅಂದುಕೊಂಡು ಅದಕ್ಕೆ ಕೈ ಬೀಸಿ ಒಳಗೆ ಹೋದ.

ಮನೆಗೆ ಬಂದ ಮೇಲೆ ಅವನು ಕಂಪ್ಯೂಟರು ಹಚ್ಚಿ, "ಯಾವ ಬೇಕೂಫ ಕಣೇ ಇದುಕ್ಕೆ ಹಿಂಗೆ ನೀಲಿ ಬಳ್ದೋನು!" ಎಂದು ಹಾರಾಡಿದ್ದು, ಈಗ ಪುನಃ ಒಂದೊಂದೇ ಗೋಡೆಗೆ ಬಿಳಿ ಬಳಿಯುತ್ತ ನನ್ನ ಜೀವ ತಿನ್ನುತ್ತಿರುವುದು, ಅದೆಲ್ಲ ಬೇರೆ ರಾಮಾಯಣ. ನಾನು ಹೇಳಬೇಕಾದದ್ದು ಕಟ್ಟು ಬಿಚ್ಚಿದ ಗಳಿಗೆಯದ್ದು. ಆಪರೇಷನ್ನಿನ ಮರುದಿನ ಬೆಳಿಗ್ಗೆ ಡಾಕ್ಟರು ಹತ್ತಿ ತೆಗೆದರು. ಅವನು ಕಣ್ಣು ಪಿಳುಕಿಸಿದ. ಎದುರಿಗೆ ನಾನೇ ಇದ್ದೆ. ನನ್ನನ್ನು ತುಂಬ ಹೊತ್ತು ನೋಡಿದ.

"ಅಯ್ಯೋ ನಮ್ಮವ್ವ, ಇಷ್ಟು ವಯಸ್ಸಾಗೋಯ್ತೇನೇ ನಿಂಗೆ?" ಅಂದ.

ಕಪಾಳಕ್ಕೆ ಎರಡು ಬಿಗಿಯೋಣ ಅನ್ನಿಸಿತು. ಬಿಗಿಯಲಿಲ್ಲ. ಕಣ್ಣಿಗೆ ಒಂದು ಹನಿ ನೀರೂ ಸೋಕಬಾರದು ಎಂದು ಡಾಕ್ಟರು ಆಗಷ್ಟೇ ಕಟ್ಟುನಿಟ್ಟಾಗಿ ಹೇಳಿದ್ದರು. ಅವರು ಹೇಳಿದ್ದು ಅವನ ಕಣ್ಣಿಗೆ, ನನ್ನದಕ್ಕಲ್ಲವಲ್ಲ!