ಪ್ರವಾಸದ ಅರ್ಜಿಯಲ್ಲಿ ಹೆಂಡತಿಯ ಹಲ್ಲು

ಅರ್ಜಿಯಲ್ಲಿ ಖಾಲಿ ಬಿಟ್ಟ ಜಾಗ ಕಂಡರೆ ನನಗೆ ಸಹಿಸಲಾಗುವುದಿಲ್ಲ. ಕೆಲವರಿಗೆ ಜಿರಲೆ ಕಂಡರೆ ಆಗದು, ಕೆಲವರಿಗೆ ಬೀಗರು ಕಂಡರೆ ಆಗದು, ನನಗೆ ಇದು. ಹುಟ್ಟುಗುಣವಲ್ಲ, ನೌಕರಿಯಿಂದ ಅಂಟಿದ್ದು. ಪುಣೆಯ ಒಂದು ಕಚೇರಿಯ ಕಿಟಕಿಯ ಹಿಂದೆ ಕೂತು ಇಪ್ಪತ್ತೆಂಟು ವರ್ಷ ಜನರ ಅರ್ಜಿ ತೆಗೆದುಕೊಂಡವನು ನಾನು. ತಂದೆಯ ಹೆಸರು ಬರೆದು ಅಜ್ಜನ ಹೆಸರು ಬಿಟ್ಟವರನ್ನು ಮರಳಿ ಕಳಿಸಿದ್ದೇನೆ. ರಾಂಜಣಗಾಂವದ ಕಾರಖಾನೆಯಲ್ಲಿ ಪಾಳಿ ತಪ್ಪಿಸಿ, ಎರಡು ಬಸ್ಸು ಬದಲಿಸಿ ಬಂದವನೊಬ್ಬನಿಗೆ "ಇಲ್ಲ ಅಂತಾದರೂ ಬರೆದು ತಾ" ಎಂದು ಮರಾಠಿಯಲ್ಲಿ ಗದರಿಸಿ, ಅವನು ಪೆನ್ನು ಹುಡುಕಿಕೊಂಡು ಬರುವಷ್ಟರಲ್ಲಿ ಕಿಟಕಿ ಮುಚ್ಚಿ ಊಟಕ್ಕೆ ಹೋದದ್ದೂ ಇದೆ. ಅವನ ಶಾಪ ಎಂದಾದರೂ ತಟ್ಟಲೇಬೇಕಿತ್ತು, ತಟ್ಟಿತು. ಆದರೆ ವಿಳಾಸ ತಪ್ಪಿ ನನ್ನ ಹೆಂಡತಿಗೆ ತಟ್ಟಿತು.

ವತ್ಸಲಾಳ ಭಜನಾ ಮಂಡಳದ ಹೆಂಗಸರೆಲ್ಲ ಸೇರಿ ಕೇರಳಕ್ಕೆ ಎಂಟು ದಿನದ ಪ್ರವಾಸ ಹೊರಟಿದ್ದರು. ಗಂಡಂದಿರೂ ಬರಬಹುದು, ಆದರೆ ಹಾಡಬಾರದು ಎಂಬ ಕರಾರಿತ್ತು. ಪ್ರವಾಸ ಕಂಪನಿಗಳು ಒಂದೊಂದಾಗಿ ವೆಬ್‌ಸೈಟು ಮಾಡಿಕೊಳ್ಳುತ್ತಿದ್ದ ಕಾಲ ಅದು. ಉಳಿದವರು ಕಂಪನಿಯ ಅಂಗಡಿಗೆ ಹೋಗಿ, ಹೆಸರು ವಯಸ್ಸು ಹೇಳಿ, ಹತ್ತು ನಿಮಿಷದಲ್ಲಿ ರಸೀದಿ ಹರಿಸಿಕೊಂಡು ಬಂದರು. "ನೀವೂ ಹೋಗಿ ಬರ್ರಿ, ಅಲ್ಲೇ ಭಾಜಿ ಮಂಡಿ ಅದ, ಬರೂ ಮುಂದ ಮೆಂತೆ ತರ್ರಿ" ಎಂದಳು ವತ್ಸಲಾ. ನಮ್ಮ ಮನೆಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಅದಕ್ಕೆ ಹಾಸಲೆಂದು ವತ್ಸಲಾ ಹೆಣೆದ ಕ್ರೋಶದ ವಸ್ತ್ರವನ್ನು ಸರಿಸಿ, "ಈಗೆಲ್ಲಾ ಆನ್‌ಲೈನ್ ಅದ, ನಿನಗ ತಿಳಿಯೂದಿಲ್ಲ" ಎಂದೆ. ಆ ದಿನ ಸುಮ್ಮನೆ ಮೆಂತೆ ತರಲು ಹೋಗಿದ್ದರೆ ಎಷ್ಟು ಚೆನ್ನಾಗಿತ್ತು.

ಆ ಅರ್ಜಿಯನ್ನು ಕಂಡು ನನಗೆ ಕಣ್ಣು ತುಂಬಿ ಬಂತು. ಅಷ್ಟು ಅಚ್ಚುಕಟ್ಟಾದ ಅರ್ಜಿಯನ್ನು ನಮ್ಮ ಇಲಾಖೆ ಎಂದೂ ಮಾಡಿರಲಿಲ್ಲ. ಕೆಂಪು ಚುಕ್ಕೆ ಇದ್ದ ಅಂಕಣಗಳನ್ನು ತುಂಬಲೇಬೇಕು, ಉಳಿದವು ನಿಮ್ಮ ಇಚ್ಛೆ ಎಂದಿತ್ತು. ಇಚ್ಛೆ ಎನ್ನುವುದಕ್ಕೆ ನನ್ನ ಇಡೀ ಸೇವಾವಧಿಯಲ್ಲಿ ಜಾಗವಿರಲಿಲ್ಲ. ನನ್ನ ಸಕ್ಕರೆ ಕಾಯಿಲೆ, ಗೊರಕೆ, ಬಲಮಗ್ಗುಲಿಗೇ ಮಲಗುವ ರೂಢಿ, ಎಲ್ಲವನ್ನೂ ಬರೆದೆ. ಹೆಂಡತಿಯ ಸಾಲಿಗೆ ಬಂದಾಗ 'ಕನ್ನಡಕ, ಶ್ರವಣಯಂತ್ರ, ಕೃತಕ ದಂತ ಇತ್ಯಾದಿ' ಎಂಬ ಅಂಕಣ ಎದುರಾಯಿತು. ಬೆರಳು ಸ್ವಲ್ಪ ತಡವರಿಸಿತು. ಆಮೇಲೆ ಬರೆದೆ: ಮೇಲಿನ ಮುಂದಿನ ಎರಡು ಹಲ್ಲು, ಕಟ್ಟಿಸಿದವು. ಕೊನೆಗೆ ಬಂದ ನಿಯಮಾವಳಿ ಉದ್ದವಾಗಿತ್ತು. ಓದದೆ 'ಒಪ್ಪಿದೆ' ಎಂಬಲ್ಲಿ ಒತ್ತಿದೆ. ಜನ್ಮವಿಡೀ ಬೇರೆಯವರ ಅರ್ಜಿಗಳನ್ನು ಅಕ್ಷರ ಬಿಡದೆ ಓದಿದವನು ನಾನು.

ಆ ಹಲ್ಲಿನ ಸಂಗತಿ ಗೊತ್ತಿದ್ದದ್ದು ಆಕೆಗೆ, ನನಗೆ, ಮತ್ತು ಈಗ ಬದುಕಿಲ್ಲದ ಒಬ್ಬ ದಂತವೈದ್ಯರಿಗೆ. ನಮ್ಮ ಮಗಳಿಗೂ ಗೊತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ನಾನು ಪುಣೆಯ ಹತ್ತಿರದ ಭೋರ್ ಎಂಬ ಊರಿನಲ್ಲಿದ್ದೆ. ಅಲ್ಲಿಯ ಇಳಿಜಾರಿನಲ್ಲಿ ಆಕೆಗೆ ಸೈಕಲ್ ಕಲಿಸುವ ಹುಮ್ಮಸ್ಸು ನನಗೆ. "ಬಿಡಬ್ಯಾಡ್ರಿ, ಬಿಡಬ್ಯಾಡ್ರಿ" ಎಂದು ಆಕೆ ಕೂಗುತ್ತಿದ್ದಳು. "ಬಿಟ್ಟಿಲ್ಲ, ಬಿಟ್ಟಿಲ್ಲ" ಎನ್ನುತ್ತಲೇ ನಾನು ಕೈ ಬಿಟ್ಟೆ. ಊರಿನಲ್ಲಿದ್ದ ನಮ್ಮವ್ವನಿಗೆ ಆಕೆ ಬಚ್ಚಲಲ್ಲಿ ಕಾಲು ಜಾರಿತು, ತುಟಿ ಬಾತದ ಎಂದು ಕಾಗದ ಬರೆದಳು. ಹಲ್ಲಿನ ಸುದ್ದಿ ಇರಲಿಲ್ಲ, ಸೈಕಲ್ಲಿನ ಸುದ್ದಿಯೂ ಇರಲಿಲ್ಲ, ನನ್ನ ಹೆಸರಂತೂ ಇಲ್ಲವೇ ಇಲ್ಲ. ವೈದ್ಯರು ಹಲ್ಲು ಎಷ್ಟು ಚೆನ್ನಾಗಿ ಕೂರಿಸಿದ್ದರೆಂದರೆ ಯಾರಿಗೂ ಅನುಮಾನ ಬರಲಿಲ್ಲ. ವತ್ಸಲಾ ಬಾಯ್ತುಂಬ ನಗುವ ಹೆಂಗಸು. ಆಕೆ ಮೂರನೆಯ ಮಹಡಿಯಲ್ಲಿ ನಕ್ಕರೆ ಕೆಳಗೆ ಇಸ್ತ್ರಿಯವನೂ ಕಾರಣ ತಿಳಿಯದೆ ನಗುತ್ತಿದ್ದ.

ಹೊರಡುವ ಬೆಳಿಗ್ಗೆ ಸ್ವಾರಗೇಟಿನ ಹತ್ತಿರ ನಮ್ಮ ಬಸ್ಸು ನಿಂತಿತ್ತು. ಬಾಗಿಲಿನ ಪಕ್ಕ ಪ್ರವಾಸಿಗಳ ಪಟ್ಟಿ ಅಂಟಿಸಿದ್ದರು. ಸೀಟು ನೋಡಿಕೊಳ್ಳಲು ಮಂಡಳದವರೆಲ್ಲ ಅದಕ್ಕೆ ಮುಗಿಬಿದ್ದಿದ್ದರು. ನಾನು ಚೀಲ ಹೊತ್ತು ಬರುವಾಗ ಪಕ್ಕದ ಮನೆಯ ದೇಶಪಾಂಡೆ ವೈನಿಯ ದನಿ ಕೇಳಿಸಿತು: "ಅಗಬಾಈ! ವತ್ಸಲಾತಾಈ, ತುಮಚೇ ಪುಢಚೇ ದಾತ ಖೋಟೇ ಆಹೇತ?" ನಿಮ್ಮ ಮುಂದಿನ ಹಲ್ಲು ಸುಳ್ಳು ಹಲ್ಲೇ ಎಂದು ಆಕೆ ಕೇಳಿದ್ದರಲ್ಲಿ ಕುಹಕವೇನೂ ಇರಲಿಲ್ಲ, ಬರೀ ಆಶ್ಚರ್ಯ. ಕಂಪನಿಯವರು ನನ್ನ ಅರ್ಜಿಯ ಒಂದು ಅಂಕಣವನ್ನೂ ಬಿಡದೆ ಪಟ್ಟಿಗೆ ಇಳಿಸಿದ್ದರು. ಉಳಿದವರ ಸಾಲು ಹೆಸರು, ವಯಸ್ಸಿಗೆ ಮುಗಿದಿತ್ತು. ನಮ್ಮಿಬ್ಬರದು ಕಾಗದದ ಅಂಚಿನವರೆಗೆ ಹರಿದಿತ್ತು. ವತ್ಸಲಾ ಪಟ್ಟಿ ಓದಿದಳು, ನನ್ನ ಕಡೆ ಒಮ್ಮೆ ನೋಡಿದಳು, ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು.

ಎಂಟು ದಿನ ಎಲ್ಲರೂ ಆಕೆಯನ್ನು ಅತಿಯಾಗಿ ಪ್ರೀತಿಸಿದರು. ಊಟಕ್ಕೆ ಕೂತಾಗ ಚಪಾತಿ ಮುರಿದು ಕೊಡುವವರೇನು, ಬಾಳೆಹಣ್ಣು ತಂದಿಡುವವರೇನು! ಪ್ರವಾಸದ ಮ್ಯಾನೇಜರನಂತೂ ಪ್ರತಿ ಊಟದಲ್ಲೂ "ತಾಈಯವರಿಗೆ ಮೆತ್ತಗಿನ ಅನ್ನ ತನ್ನಿ" ಎಂದು ಇಡೀ ಹೋಟೆಲಿಗೆ ಕೇಳುವಂತೆ ಕೂಗಿದ. ನನ್ನ ಗೊರಕೆಯ ಬಗ್ಗೆಯೂ ಎಲ್ಲರಿಗೂ ತಿಳಿದಿತ್ತು, ಆದರೆ ಅದಕ್ಕೆ ಯಾರೂ ಕನಿಕರ ಪಡಲಿಲ್ಲ. ಆಲಪ್ಪುಳೆಯ ದೋಣಿಯಲ್ಲಿ ತೆಗೆಸಿಕೊಂಡ ಫೋಟೋದಲ್ಲಿ ಮಂಡಳದವರೆಲ್ಲ ನಗುತ್ತಿದ್ದಾರೆ, ವತ್ಸಲಾ ತುಟಿ ಬಿಗಿದು ನೀರನ್ನು ನೋಡುತ್ತಿದ್ದಾಳೆ.

ಮನೆಗೆ ಮರಳಿದ ಮೇಲೆ ಫೋನುಗಳು ಶುರುವಾದವು. ಕೃತಕ ಹಲ್ಲಿಗೆ ಅಂಟು ಮಾರುವವರು, ಹಲ್ಲು ಹೊಸದಾಗಿ ಕೂರಿಸುವವರು, ಗೊರಕೆ ನಿಲ್ಲಿಸುವ ತಲೆದಿಂಬಿನವರು. ಎಲ್ಲರಿಗೂ ನಮ್ಮ ಹೆಸರು ಗೊತ್ತು. ವತ್ಸಲಾ ಭಜನೆಗೆ ಹೋಗುವುದನ್ನು ಬಿಟ್ಟಳು. ಹಾಡುವಾಗ ಎದುರಿನವರು ಬಾಯಿಯನ್ನೇ ನೋಡುತ್ತಾರಂತೆ. ನನಗೆ ತಡೆಯಲಾಗಲಿಲ್ಲ. ಆ ಕಂಪನಿಯನ್ನು ಕೋರ್ಟಿಗೆ ಎಳೆಯುತ್ತೇನೆಂದು ಪಣ ತೊಟ್ಟು ವಕೀಲ ಶೆಟ್ಟರ ಬಳಿ ಹೋದೆ. ಅವರು ಉಡುಪಿ ಕಡೆಯವರು, ತಮ್ಮನ ಹೋಟೆಲಿನ ಮಾಳಿಗೆಯಲ್ಲೇ ಅವರ ಆಫೀಸು.

"ಕಂಪ್ಯೂಟರಿಗೆ ಅಂತ ಕಾನೂನು ಒಂದು ಬಂದುಂಟು ಮಾರಾಯ್ರೆ," ಎಂದರು ಶೆಟ್ಟರು. "ಆದ್ರೆ ಅದು ನುಗ್ಗಿ ಕದ್ದವರಿಗೆ. ನಿಮ್ಮಲ್ಲಿ ಯಾರು ನುಗ್ಗಿದ್ದು? ನೀವೇ ಕೈಯಾರೆ ಬರೆದು ಕೊಟ್ಟದ್ದಲ್ವಾ?" ಆಮೇಲೆ ನಿಯಮಾವಳಿಯನ್ನು ಅಚ್ಚು ತೆಗೆಸಿ, ಕಾಫಿ ಕುಡಿಯುತ್ತ ಪೂರ್ತಿ ಓದಿದರು. ಓದುತ್ತ ಓದುತ್ತ ಒಂದು ಕಡೆ ಬೆರಳಿಟ್ಟು, "ಜೊತೆಗೆ ಬರುವವರ ವಿಷಯ ಬರೆಯಲಿಕ್ಕೆ ಅವರ ಒಪ್ಪಿಗೆ ತಗೊಂಡಿದ್ದೇನೆ ಅಂತ ನೀವು ಒತ್ತಿದ್ದೀರಿ. ಅಕ್ಕನ ಹತ್ರ ಕೇಳಿದ್ರಾ?" ಎಂದರು.

"ಹೇಣ್ತಿಗೆ ಏನ್ ಕೇಳೂದ್ರಿ ಇದರಾಗ?" ಎಂದೆ.

ಶೆಟ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಾಗಾದ್ರೆ ದೂರು ಕೊಡಬೇಕಾದ್ದು ನೀವಲ್ಲ, ಅಕ್ಕ. ಕಂಪನಿ ಎರಡನೇ ಪ್ರತಿವಾದಿ ಆಗ್ತದೆ. ಮೊದಲನೆಯವರು ನೀವು."

ಮೆಟ್ಟಿಲಿಳಿದು ಬಂದೆ. ಕಂಪನಿಯನ್ನು ಬೈಯುತ್ತ ಕಳೆದ ಎರಡು ತಿಂಗಳಲ್ಲಿ ಇದು ನನಗೆ ಹೊಳೆದಿರಲಿಲ್ಲವೆಂದೇನಿಲ್ಲ. ಹೊಳೆದಾಗಲೆಲ್ಲ ಇನ್ನಷ್ಟು ಜೋರಾಗಿ ಬೈಯುತ್ತಿದ್ದೆ.

ಮನೆಗೆ ಬಂದಾಗ ವತ್ಸಲಾ ನೆಲದ ಮೇಲೆ ಕೂತು ಸೊಪ್ಪು ಸೋಸುತ್ತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ. "ದೂರು ನೀನ ಕೊಡಬೇಕಂತ. ನನ್ನ ಮ್ಯಾಲೂ."

"ಕೋರ್ಟಿನ್ಯಾಗ ಏನ್ ಕೇಳ್ತಾರಂತ?"

"ಏನ್ ನುಕಸಾನ ಆಗೇದ ತೋರಿಸ್ರಿ ಅಂತಾರಂತ."

"ಜಡ್ಜಸಾಹೇಬ್ರ ಮುಂದ ನಿಂತು ನಕ್ಕು ತೋರಿಸ್ಲೇನು?" ಎಂದಳು. ತನ್ನ ಮಾತಿಗೆ ಆಕೆಗೇ ನಗು ಬಂತು. ಕೇರಳದಿಂದ ಬಂದ ಮೇಲೆ ಇದೇ ಮೊದಲು. ನನಗೆ ಹೋದ ಜೀವ ಬಂದಂತಾಗಿ, ನೋಡಲೆಂದು ಮುಂದಕ್ಕೆ ಬಾಗಿದೆ. ಆಕೆ ಸೊಪ್ಪನ್ನು ಕೆಳಗಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಗೋಡೆಯ ಕಡೆ ತಿರುಗಿ ನಕ್ಕಳು. ಮನೆಯಲ್ಲಿ ನನ್ನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.