ಅತ್ತೆ ಮಲಗಿ ನೋಡಿದ ಹಾಸಿಗೆಗಳು

ನಮ್ಮ ಅತ್ತೆಗೆ ತಲೆ ಕೆಟ್ಟಿದೆ ಎಂದು ನಾನು ಹೇಳುತ್ತಿಲ್ಲ. ಕಳ್ಳಂಬೆಳ್ಳದ ಅರ್ಧ ಊರು ಹೇಳುತ್ತಿದೆ. ಉಳಿದರ್ಧ ಊರು ಇನ್ನೂ ಅವರ ಮನೆಗೆ ಹೋಗಿ ನೋಡಿಲ್ಲ, ಅಷ್ಟೇ!

ನಾನು ಹೋಗಿ ನೋಡಿದೆ. ನಡುಮನೆಯಲ್ಲಿ ಮರದ ಹೊಟ್ಟು ಹರಡಿ, ಅದರಲ್ಲಿ ಮುಖ ಹುದುಗಿಸಿ ಅತ್ತೆ ಬೋರಲು ಬಿದ್ದಿದ್ದರು! "ಅಯ್ಯೋ ಅತ್ತೇ!" ಎಂದು ಕಿರುಚಿದೆ. ತಲೆ ಎತ್ತಿದರು. ಹುಬ್ಬು, ಮೂಗು, ಮೂಗುಬೊಟ್ಟು ಎಲ್ಲಾ ಹೊಟ್ಟುಮಯ.

"ಸುಮ್ಕಿರ್ಲಾ, ಯಾಕಂಗ್ ಬಡ್ಕಂತೀಯ? ಸೀನು ಬರ್ತೈತಾ ಇಲ್ವಾ ನೋಡ್ತಾವ್ನಿ."

ಮರುಕ್ಷಣವೇ ಹೆಂಚು ಹಾರುವಂತೆ ಸೀನಿದರು. "ಇದು ಬ್ಯಾಡ" ಎಂದು ಹೊಟ್ಟನ್ನೆಲ್ಲ ಗುಡಿಸಿ ತಿಪ್ಪೆಗೆ ಸುರಿದು ಬಂದರು.

ವಿಷಯ ಇಷ್ಟೇ. ತುಮಕೂರಿನಲ್ಲಿ ನರ್ಸ್ ಆಗಿರುವ ಅತ್ತೆಯ ಮಗಳು ಎರಡು ಡೇಗು ಸಾಕಿದ್ದಳು. ಡೇಗು ಎಂದರೆ ಇಲಿಗೂ ಅಳಿಲಿಗೂ ನೆಂಟಸ್ತನ ಕುದುರಿಸಿದಂತಿರುವ, ಬಾಲದ ತುದಿಗೆ ಕುಚ್ಚು ಕಟ್ಟಿಕೊಂಡ ಪರದೇಶದ ಪ್ರಾಣಿ. ಮನೆ ಮಾಲೀಕರು ಗದರಿದ್ದರಿಂದ, ಬೇರೆ ಮನೆ ಸಿಗುವವರೆಗೆ ಎಂದು ಪಂಜರದ ಸಮೇತ ತಾಯಿಗೆ ಒಪ್ಪಿಸಿ ಹೋಗಿದ್ದಳು. ಬಂದ ವಾರದಲ್ಲೇ ಹೆಣ್ಣು ಡೇಗು ಸೀನತೊಡಗಿತು. ಶಿರಾದ ಪಶುವೈದ್ಯರು, ಪಾಪ, ದನ ಎಮ್ಮೆ ನೋಡುವವರು, ಅದನ್ನು ಕಂಡು ಬೆಚ್ಚಿಬಿದ್ದರು. ಯಾರ್ಯಾರಿಗೋ ಫೋನ್ ಮಾಡಿ ಕೇಳಿ, "ಇದರ ಶ್ವಾಸಕೋಶ ಬಲು ಸೂಕ್ಷ್ಮ ಕಣಮ್ಮ. ಧೂಳು, ಘಾಟು ಇಲ್ಲದ ಹಾಸಿಗೆ ಹಾಕಿ. ಇಲ್ಲಾಂದ್ರೆ ಉಳಿಯಲ್ಲ" ಎಂದರು.

ಅಲ್ಲಿಂದ ಶುರುವಾಯಿತು ನೋಡಿ!

"ಅದ್ಕೇನು ಬಾಯಿ ಐತಾ, ಇದು ಆಗಲ್ಲ ಅಂತ ಹೇಳಕ್ಕೆ? ಮೊದ್ಲು ನಾನೇ ಮಲ್ಗಿ ನೋಡ್ಬೇಕು" ಎಂದರು ಅತ್ತೆ.

ಮಾವನಿಗೆ ಆಘಾತ. "ಕಡ್ಲೆಕಾಯಿ ಮೂಟೆ ಕಾಯಕ್ಕೆ ಜೀವಮಾನೆಲ್ಲ ಇಲಿ ಬೋನು ಇಟ್ಟೋನು ಕಣ್ಲಾ ನಾನು. ನನ್ ಹೆಂಡ್ತಿ ಇಲೀಗೆ ಹಾಸ್ಗೆ ಹಾಸ್ತಾವ್ಳೆ!"

"ಇಲಿ ಅನ್ಬ್ಯಾಡ್ರೀ, ಬೇಜಾರ್ ಮಾಡ್ಕಂತಾವೆ."

ಮರದ ಹೊಟ್ಟಿನ ನಂತರ ಕಡ್ಲೆಕಾಯಿ ಸಿಪ್ಪೆ. ಮನೆಯಲ್ಲೇ ಮೂಟೆಗಟ್ಟಲೆ ಬಿದ್ದಿತ್ತಲ್ಲ! ಸುರಿದದ್ದೇ ತಡ, ಕೆಂಧೂಳು ಎದ್ದು ಮಾವನೂ ಡೇಗುವೂ ಜೊತೆಗೂಡಿ ಸೀನಿದರು. ಆಮೇಲೆ ಅವರೆಕಾಳಿನ ಡಬ್ಬಕ್ಕೆ ಹಾಕುವ ಹಾಗೆ ಬೇವಿನ ಸೊಪ್ಪು. ಹುಳವೇ ಓಡಿಹೋಗುವ ಘಾಟಿನಲ್ಲಿ ಡೇಗು ನಿದ್ದೆ ಮಾಡುತ್ತದೆಯೇ? ಹಳೇ ಹತ್ತಿ ಸೀರೆ ಹಾಸಿದರೆ ಅದರ ಎಳೆಗಳು ಉಗುರಿಗೆ ಸುತ್ತಿಕೊಂಡವು.

ಮರುದಿನ ಬೆಳಿಗ್ಗೆ ನಾನು ಕಂಡದ್ದನ್ನು ಹೇಗೆ ಹೇಳಲಿ! ಪಂಜರದ ಸುತ್ತ ಹೊಗೆಯೋ ಹೊಗೆ! ಅತ್ತೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಮೊರದಲ್ಲಿ ಬೀಸುತ್ತಿದ್ದಾರೆ!

"ಮಕ್ಳಿಗೆ ಶೀತ ಆದ್ರೆ ಹೊಗೆ ಹಾಕಲ್ವೇನ್ಲಾ? ಹಾಸ್ಗೇನೂ ಬೆಚ್ಗಾಗ್ತೈತೆ" ಎಂದರು.

ಪಂಜರದೊಳಗೆ ಹೆಣ್ಣು ಡೇಗು ಮಗ್ಗುಲಾಗಿ ಬಿದ್ದು, ಬಾಯಿ ತೆರೆದು ಏದುಸಿರು ಬಿಡುತ್ತಿತ್ತು.

ಅತ್ತೆಯ ಕೈಯಿಂದ ಮೊರ ಜಾರಿತು. "ಅಯ್ಯೋ, ನನ್ ಕೈಯಾರೆ ಕೊಂದ್ಬುಟ್ಟೆ ಕಣ್ಲಾ!" ಎಂದು ಮಗುವಿನ ಹಾಗೆ ಅತ್ತುಬಿಟ್ಟರು. ಅಷ್ಟು ದಿನ ನಕ್ಕಿದ್ದ ನಾನೇ ಕೆಂಡ ಹೊರಗೆಸೆದು, ಕಿಟಕಿ ತೆರೆದು, ಡಾಕ್ಟರಿಗೆ ಫೋನ್ ಮಾಡಿದೆ.

"ಹೊಗೆನಾ?!" ಎಂದು ಅವರೂ ಕಿರುಚಿದರು. "ಗಾಳಿಯಾಡೋ ಕಡೆ ಬೆಚ್ಚಗೆ ಇಟ್ಕೊಳ್ಳಿ. ಪಂಜರ ತೊಳೆದು, ಅಚ್ಚಾಗದ ಬಿಳೀ ಕಾಗದ ಹರಿದು ಹಾಕಿ, ಅಷ್ಟೇ."

ಶಿರಾದ ಲಗ್ನಪತ್ರಿಕೆ ಪ್ರೆಸ್ಸಿಗೆ ಬೈಕಿನಲ್ಲಿ ಓಡಿದೆ. ಕಟಿಂಗ್ ಮಿಷಿನ್ನಿನ ಕೆಳಗೆ ಬಿದ್ದ ಬಿಳೀ ಚೂರುಗಳನ್ನು ಪ್ರೆಸ್ಸಿನ ಸಾಬರು ಚೀಲಕ್ಕೆ ತುಂಬಿಕೊಟ್ಟು, "ಯಾರ್ದು ಭಾಯ್ ಮದುವೆ?" ಎಂದರು. ಏನು ಹೇಳಲಿ! "ಹೆರಿಗೆ ಮನೆ" ಎಂದು ಬಾಯಿಗೆ ಬಂದದ್ದು ಹೇಳಿ ಬಂದೆ.

ಬಂದು ನೋಡಿದರೆ ಅತ್ತೆ ಜಗಲಿಯ ಮೇಲೆ ಕಂಬಕ್ಕೊರಗಿ ಕೂತಿದ್ದಾರೆ. ಮಡಿಲಲ್ಲಿ ಡೇಗು. ಉಸಿರು ಹದಕ್ಕೆ ಬಂದು, ಅವರ ಅಂಗೈ ಮೇಲೆ ಮೂತಿ ಇಟ್ಟು ಗಾಢನಿದ್ದೆ! ಪಂಜರಕ್ಕೆ ಕಾಗದ ಹಾಸಿದೆ. "ತನ್ನಿ ಅತ್ತೆ, ಮಲಗಿಸೋಣ" ಎಂದರೆ ಬೇಡವೆಂದು ತಲೆ ಆಡಿಸಿದರು. ಊಟದ ಹೊತ್ತು ಮೀರಿತು. ಕಾಲು ಜೋಮು ಹಿಡಿದಿತ್ತು. ಅಲುಗಲಿಲ್ಲ.

ಆಗ ಮಾವ ಎದ್ದರು. ನಾನು ಕಂಡಂತೆ ಒಂದು ಲೋಟ ನೀರನ್ನೂ ತಾವಾಗಿ ತೆಗೆದುಕೊಂಡವರಲ್ಲ. ಅಡಿಗೆಮನೆಗೆ ಹೋಗಿ, ತಟ್ಟೆಗೆ ಮುದ್ದೆ ಹಾಕಿ, ಸಾರು ಬಿಟ್ಟುಕೊಂಡು ಬಂದು ಅತ್ತೆಯ ಪಕ್ಕ ಕುಕ್ಕರುಗಾಲಲ್ಲಿ ಕೂತರು. ತುತ್ತು ಮುರಿದು ಸಾರಿಗೆ ಅದ್ದಿದರು.

"ಬಾಯ್ ತಗಿ" ಎಂದರು ಪಿಸುದನಿಯಲ್ಲಿ. "ನೀನು ಅಲ್ಲಾಡ್ಬ್ಯಾಡ. ನಾನೇ ತಿನ್ಸ್ತೀನಿ."